ಹೋಲಿಕೆಯ ಊರು

ಜನವರಿ 12

ಅಕ್ಕಾ,

ನಿನ್ನ ಆಫೀಸಿನ ಹುಡುಗಿಯರು ಕೊನೆಗೂ ನಮ್ಮ ಬೀದಿಗೆ ಬಂದರು. ಇಬ್ಬರು. ಕುತ್ತಿಗೆಗೆ ಗುರುತಿನ ಚೀಟಿ, ಬಗಲಲ್ಲಿ ತೂಕದ ಯಂತ್ರ. ನಾನು ಅಂಗಡಿಯಲ್ಲಿ ಕೂತು ಶಾಲೆಯ ಲಂಗಗಳಿಗೆ ಸೊಂಟಪಟ್ಟಿ ಹೊಲಿಯುತ್ತಿದ್ದೆ. "ಮೂವತ್ತು ದಾಟಿ ಅರವತ್ತರ ಒಳಗಿರೋ ಹೆಂಗಸರು ಈ ಮನೇಲಿ ಎಷ್ಟು ಜನ?" ಎಂದು ಕೇಳಿದರು. ಒಳಗೆ ಮಲಗಿದ್ದ ನಮ್ಮತ್ತೆ, "ಎಂಬತ್ತು ದಾಟಿದವಳು ಒಬ್ಬಳಿದ್ದೀನಿ, ನಡೆಯುತ್ತಾ?" ಎಂದು ಕೂಗಿದರು.

ಅರ್ಧ ಗಂಟೆ ಕೂರಿಸಿಕೊಂಡು ಕೇಳಿದರು. ಮದುವೆ ಯಾವಾಗ, ಹೆರಿಗೆ ಎಷ್ಟು, ಮುಟ್ಟು ನಿಂತಿದೆಯಾ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ. ಮುಟ್ಟಿನ ವಿಷಯಕ್ಕೆ ನಾನು, "ನಿಂತು ಎರಡು ವರ್ಷ ಆಗಿತ್ತು, ಈಗ ಮತ್ತೆ ವಯಸ್ಸಿಗೆ ಬರ್ತಾ ಇದ್ದೀನಿ" ಅಂದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಎತ್ತರ, ತೂಕ, ರಕ್ತದೊತ್ತಡ ಎಲ್ಲ ನೋಡಿದರು. ಆಮೇಲೆ ಬೀದಿಯ ಹೆಂಗಸರನ್ನೆಲ್ಲ ನನ್ನ ಅಂಗಡಿಯಲ್ಲೇ ಕೂರಿಸಿ ಚಿತ್ರ ತೋರಿಸಿ ಒಂದು ಭಾಷಣ. ನಿಮ್ಮ ದೊಡ್ಡ ಮೇಡಂ ನಮ್ಮಕ್ಕ ಎಂದೆ ನೋಡು, ಕೂತಿದ್ದವಳು ಎದ್ದು ನಿಂತುಬಿಟ್ಟಳು!

ಹೋಗುವಾಗ "ಏನಾದರೂ ಇದೆಯಾಮ್ಮ?" ಎಂದು ಕೇಳಿದೆ. "ಎಲ್ಲಾ ಆಯ್ತು ಮೇಡಂ, ಥ್ಯಾಂಕ್ಸ್" ಎಂದಳು. ಅಲ್ಲಿಗೆ ನಾವೆಲ್ಲ ಪಾಸು. ಇಲ್ಲಿಯ ಹೆಂಗಸರು ನಿನಗೆ ಮದ್ದು ಕೊಡದ ಡಾಕ್ಟರು ಎಂದು ಹೆಸರಿಟ್ಟಿದ್ದರು. ಈಗ ಸ್ವಲ್ಪ ಮರ್ಯಾದೆ ಬಂದಿದೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಇರುವುದು ಮೂಲೆಯ ಔಷಧಿ ಅಂಗಡಿಯಲ್ಲಿ. ಅಲ್ಲಿ ನಾನು ಹಲೋ ಎಂದರೆ ಬೀದಿಗೆಲ್ಲ ಕಿವಿ ಮೂಡುತ್ತದೆ. ಈ ವರ್ಷ ಶಾಲೆಯ ಬಿಳಿ ಅಂಗಿಗಳನ್ನು ಒಪ್ಪಿಕೊಂಡಿಲ್ಲ, ನೀಲಿ ಲಂಗ ಮಾತ್ರ. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತದೆ.

ನಿನ್ನ
ಗುಬ್ಬಿ


ಜನವರಿ 24

ಪ್ರೀತಿಯ ಗುಬ್ಬಿ,

ಪತ್ರ ತಲುಪಿತು. ಎದ್ದು ನಿಂತ ಹುಡುಗಿ ಯಾರೆಂದು ಗೊತ್ತಾಯಿತು. ಅವಳು ನನ್ನನ್ನು ಕಂಡರೂ ಹಾಗೇ ನಿಲ್ಲುತ್ತಾಳೆ, ಕೂರು ಎಂದರೂ ಕೂರುವುದಿಲ್ಲ.

ಅವರು ಬಂದಿದ್ದು ಸಮೀಕ್ಷೆಗೆ. ಸಮೀಕ್ಷೆಯನ್ನು ಸಮೀಕ್ಷೆ ಎಂದಷ್ಟೇ ತಿಳಿದುಕೋ. ಪಾಸು, ಫೇಲು ಎಂಬುದೆಲ್ಲ ಅದರಲ್ಲಿ ಇಲ್ಲ.

ಮುಟ್ಟಿನ ಬಗ್ಗೆ ನೀನು ಹೇಳಿದ್ದು ತಮಾಷೆಗಾ? ಬರೆದು ತಿಳಿಸು.

ಇಲ್ಲಿ ಕೆಲಸ ಬಿಗಿಯಾಗಿದೆ. ಮೂರನೆಯ ಮಹಡಿಯ ನನ್ನ ಕೋಣೆಯಲ್ಲಿ ಕಿಟಕಿ ಬಿಟ್ಟರೆ ಉಳಿದ ಗೋಡೆಗಳಿಗೆಲ್ಲ ಕಪಾಟು. ಅಧ್ಯಯನದ ಅರ್ಧ ಅವಧಿ ಮುಗಿದಿದ್ದರಿಂದ ಇಲ್ಲಿಯವರೆಗಿನ ಸಾವುಗಳ ಅಂಕಿಅಂಶ ಸಮಿತಿಯ ಮುಂದೆ ಹೋಗಬೇಕು. ನಮ್ಮ ಸಂಖ್ಯಾಶಾಸ್ತ್ರದವರನ್ನು ನಾವು ದಶಮಾಂಶ ಎಂದು ಕರೆಯುತ್ತೇವೆ. ಅವರು ದಿನಕ್ಕೊಂದು ಸಲ ಬಾಗಿಲಲ್ಲಿ ನಿಂತು "ಇನ್ನೂ ಖಚಿತ ಅನ್ನೋ ಹಾಗಿಲ್ಲ ಮೇಡಂ" ಎಂದು ಹೇಳಿ ಹೋಗುತ್ತಾರೆ. ನಾನು ರೋಗಿಯ ಕೈ ಹಿಡಿದು ನಾಡಿ ನೋಡಿ ಎಷ್ಟೋ ವರ್ಷವಾಯಿತು. ನಾನು ನೋಡುವುದು ಊರುಗಳ ನಾಡಿ. ಅದು ಬಹಳ ನಿಧಾನ.

ನೀನು ಒಂದು ವಾರ ಇಲ್ಲಿಗೆ ಬಾ. ಸುಮ್ಮನೆ, ನನ್ನ ಜೊತೆ ಇರಲು. ಪರಿಚಯದ ಡಾಕ್ಟರೊಬ್ಬರಿದ್ದಾರೆ. ಈ ವಯಸ್ಸಿನಲ್ಲಿ ಹೆಂಗಸರು ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಬಸ್ಸು ಓಡಿಸುವ ಗಂಡನಿದ್ದೂ ನೀನು ಊರು ಬಿಟ್ಟು ಹೊರಡುವುದಿಲ್ಲ ಎಂದರೆ ಜನ ನಗುತ್ತಾರೆ.

ಅಕ್ಕ


ಫೆಬ್ರವರಿ 9

ಅಕ್ಕಾ,

ನಿಜ ಹೇಳು, ನಿನಗೆ ಏನಾಗಿದೆ?

ಇಷ್ಟು ವರ್ಷದಲ್ಲಿ ಒಂದು ಸಲವೂ ಸುಮ್ಮನೆ ಬಾ ಎಂದವಳಲ್ಲ ನೀನು. ನಾನೇ ಬರುತ್ತೇನೆಂದಾಗ ಸಭೆ ಇದೆ, ಪ್ರವಾಸ ಇದೆ ಎನ್ನುತ್ತಿದ್ದೆ. ಈಗ ಜೊತೆಗೆ ಇರಲು ಬಾ ಎಂದರೆ ಏನರ್ಥ? ಪರಿಚಯದ ಡಾಕ್ಟರು ಬೇರೆ. ಇವರಿಗೆ ಓದಿ ಹೇಳಿದೆ. "ನಿಮ್ಮಕ್ಕ ಒಂಟಿ ಜೀವ, ಏನೋ ಆಗಿರ್ಬೇಕು, ನಿನಗೆ ಹೇಳೋಕೆ ಹಿಂಜರಿತಾ ಇದ್ದಾರೆ" ಎಂದರು. ನನಗೂ ಹಾಗೇ ಅನ್ನಿಸುತ್ತಿದೆ. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಕೆಮ್ಮು ಹೋಯಿತಾ?

ಹಾರಿ ಬರಬೇಕು ಎನ್ನಿಸುತ್ತದೆ. ಆದರೆ ನಮ್ಮತ್ತೆಯನ್ನು ಎತ್ತಿ ಕೂರಿಸಲು ಒಬ್ಬರು ಬೇಕು, ಇವರ ಬಸ್ಸು ನಸುಕಿಗೇ ಹೊರಡುತ್ತದೆ. ಶಾಲೆಯ ಲಂಗಗಳನ್ನು ಕೊಟ್ಟು ಮುಗಿಸಿದ ಮೇಲೆ ನೋಡೋಣ.

ಮುಟ್ಟಿನದು ತಮಾಷೆ ಕಣಕ್ಕ. ಅದನ್ನೇ ಹಿಡಿದುಕೊಂಡೆಯಲ್ಲ! ನಾನು ಚೆನ್ನಾಗಿದ್ದೇನೆ. ಸ್ವಲ್ಪ ಸೊಂಟ ನೋವು, ಮೆಷಿನ್ ತುಳಿಯುವವರಿಗೆ ಅದು ಇದ್ದದ್ದೇ. ಈಗ ದಿನವೂ ಕಪ್ಪು ಲಂಗವನ್ನೇ ಉಡುತ್ತೇನೆ, ಎಣ್ಣೆಯ ಕಲೆ ಕಾಣುವುದಿಲ್ಲ.

ಒಂದು ಕೆಟ್ಟ ಸುದ್ದಿ. ನಮ್ಮ ಎದುರುಮನೆಯ ಟೀಚರ್ ಆಸ್ಪತ್ರೆ ಸೇರಿದ್ದಾರೆ. ಕೆಳಗಡೆಯ ಕ್ಯಾನ್ಸರ್ ಅಂತೆ, ತುಂಬ ಮುಂದುವರಿದಿದೆಯಂತೆ. ಅವರಿಗೂ ನಿನ್ನ ಹುಡುಗಿಯರೇ ಎಲ್ಲ ನೋಡಿ ಹೋಗಿದ್ದರಲ್ಲ, ಹೇಗೆ ತಪ್ಪಿತು? ಬೀದಿಯಲ್ಲಿ ಗುಸುಗುಸು ಶುರುವಾಯಿತು. ನಾನು ಬಿಡಲಿಲ್ಲ. "ನೂರರಲ್ಲಿ ಒಂದು ತಪ್ಪುತ್ತೆ, ಅದಕ್ಕೆ ನಮ್ಮಕ್ಕನ ಮೇಲೆ ಹಾಕ್ತೀರಾ? ಉಳಿದ ನಮ್ಮನ್ನೆಲ್ಲಾ ನೋಡಿದ್ದಾರೆ, ನಮಗೇನೂ ಇಲ್ಲ, ಸುಮ್ನಿರಿ" ಎಂದು ಎಲ್ಲರ ಬಾಯಿ ಮುಚ್ಚಿಸಿದೆ. ಬೇಕರಿಯವಳು ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೊರಟಿದ್ದಳು. ಅವಳನ್ನೂ ತಡೆದು, ಸುಮ್ಮನೆ ದುಡ್ಡು ದಂಡ ಎಂದೆ. ನಿನ್ನ ಹೆಸರಿಗೆ ನಾನಿರುವಾಗ ಕಪ್ಪು ಹತ್ತುವುದಿಲ್ಲ.

ಗುಬ್ಬಿ


ಫೆಬ್ರವರಿ 16

ಗುಬ್ಬಿ,

ಆಫೀಸಿನಿಂದಲೇ ಬರೆಯುತ್ತಿದ್ದೇನೆ. ನನಗೆ ಏನೂ ಆಗಿಲ್ಲ. ನನ್ನ ಬಗ್ಗೆ ಯೋಚಿಸಬೇಡ.

ಬೀದಿಯ ಹೆಂಗಸರಿಗೆ ಇನ್ನು ಮುಂದೆ ಆ ಮಾತು ಹೇಳಬೇಡ. ನಮ್ಮ ಕೆಲಸದ ಬಗ್ಗೆ ಯಾರ ಹತ್ತಿರವೂ ಏನೂ ಹೇಳಬೇಡ. ಬೇಕರಿಯವರು ಡಾಕ್ಟರ ಹತ್ತಿರ ಹೋಗಲಿ, ತಡೆಯಬೇಡ. ನೀನೂ ಹೋಗು. ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಬೆಳಗ್ಗೆ ನೋಡುತ್ತಾರೆ. ಯಾಕೆ ಎಂದು ಕೇಳಬೇಡ. ಈ ವಾರವೇ ಹೋಗು.

ಅಕ್ಕ


ಮಾರ್ಚ್ 2

ಅಕ್ಕನಿಗೆ,

ಬೇಡ, ಬೇಡ, ಬೇಡ. ನಿನ್ನ ಪತ್ರದಲ್ಲಿ ಎಷ್ಟು ಬೇಡಗಳಿದ್ದವು ನೋಡಿಕೊಂಡೆಯಾ? ನಾನು ನಿನ್ನ ಆಫೀಸಿನ ಹುಡುಗಿಯಲ್ಲ, ಎದ್ದು ನಿಂತು ಸರಿ ಮೇಡಂ ಎನ್ನಲು.

ನಿನ್ನ ಪರವಾಗಿ ನಾಲ್ಕು ಮಾತಾಡಿದೆ. ಅದು ತಪ್ಪಾಯಿತು. ಇನ್ನು ಬಾಯಿ ಬಿಡುವುದಿಲ್ಲ. ಎದುರುಮನೆ ಟೀಚರ್ ಯಜಮಾನರು ನಿನ್ನೆ ಸಿಕ್ಕಿ, "ನಿಮ್ಮಕ್ಕನವರನ್ನ ಒಂದು ಮಾತು ಕೇಳ್ತೀರಾ, ಬೇರೆ ದೊಡ್ಡ ಆಸ್ಪತ್ರೆ ಏನಾದರೂ..." ಎಂದರು. ನಮ್ಮಕ್ಕನಿಗೆ ಬಿಡುವಿಲ್ಲ ಎಂದೆ.

ಯಾಕೆ ಎಂದು ಹೇಳದೆ ಆಸ್ಪತ್ರೆಗೆ ಹೋಗು ಎಂದರೆ ನಾನು ಹೋಗುವುದಿಲ್ಲ. ಅಲ್ಲಿ ಕಾಲು ಅಗಲಿಸಿ ಮಲಗಬೇಕಾದವಳು ನಾನು, ನೀನಲ್ಲ.

ಗುಬ್ಬಿ


ಮಾರ್ಚ್ 8

ಗುಬ್ಬಿ,

ಇದನ್ನು ಬಾಗಿಲು ಹಾಕಿಕೊಂಡು ಓದು.

ನಿನಗೆ ಕ್ಯಾನ್ಸರಿನ ಯಾವ ಪರೀಕ್ಷೆಯೂ ಆಗಿಲ್ಲ. ನಿನ್ನ ಊರಿನಲ್ಲಿ ಯಾರಿಗೂ ಆಗಿಲ್ಲ.

ನಮ್ಮ ಅಧ್ಯಯನದಲ್ಲಿ ಹದಿನಾರು ಊರುಗಳಿವೆ. ಎಂಟರಲ್ಲಿ ನರ್ಸ್ ಹೋಗಿ ಪ್ರತಿಯೊಬ್ಬ ಹೆಂಗಸಿನ ಗರ್ಭಕೋಶದ ಬಾಯಿಗೆ ಹತ್ತಿಯಿಂದ ವಿನೆಗರ್ ಸವರಿ, ಒಂದು ನಿಮಿಷ ಕಾದು, ಟಾರ್ಚ್ ಬೆಳಕಿನಲ್ಲಿ ನೋಡುತ್ತಾಳೆ. ಬಿಳಿ ಮಚ್ಚೆ ಕಂಡರೆ ಅದು ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು. ಉಳಿದ ಎಂಟು ಊರುಗಳಲ್ಲಿ ಪ್ರಶ್ನೆ ಕೇಳುತ್ತೇವೆ, ಚಿತ್ರ ತೋರಿಸುತ್ತೇವೆ, ಬಂದುಬಿಡುತ್ತೇವೆ. ಕೆಲವು ವರ್ಷಗಳ ನಂತರ ಎರಡೂ ಕಡೆ ಎಷ್ಟು ಹೆಂಗಸರು ಈ ರೋಗದಿಂದ ಸತ್ತರು ಎಂದು ಹೋಲಿಸುತ್ತೇವೆ. ಆ ಹೋಲಿಕೆ ಇಲ್ಲದಿದ್ದರೆ ಇಷ್ಟು ಅಗ್ಗದ ಪರೀಕ್ಷೆ ಜೀವ ಉಳಿಸುತ್ತದೆಂದು ಯಾರೂ ನಂಬುವುದಿಲ್ಲ, ಎಲ್ಲ ಊರುಗಳಿಗೂ ಅದನ್ನು ಕೊಡುವುದೂ ಇಲ್ಲ. ಇದು ನಾನು ಸಮಿತಿಗಳ ಮುಂದೆ ಹೇಳುವ ಮಾತು. ಈಗಲೂ ಅದು ಸುಳ್ಳೆಂದು ನನಗೆ ಅನ್ನಿಸುವುದಿಲ್ಲ.

ಯಾವ ಊರು ಯಾವ ಕಡೆ ಎಂದು ಚೀಟಿ ಎತ್ತಿ ನಿರ್ಧರಿಸಿದೆವು. ನಿನ್ನದು ಹೋಲಿಕೆಯ ಊರು. ಹೋಲಿಕೆಯ ಊರಿನವರಿಗೆ ಇದನ್ನು ತಿಳಿಸಬಾರದು ಎಂಬುದು ನಿಯಮ. ತಿಳಿದರೆ ಅವರು ಬೇರೆ ಕಡೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಹೋಲಿಕೆ ಕೆಡುತ್ತದೆ. ನಿಯಮ ಬರೆದವಳು ನಾನೇ. ಆದರೆ ನಾವು ಏನೂ ಹೇಳದೆ ಬಂದರೆ, ಜನ ಅದನ್ನು ಏನೂ ಇಲ್ಲ ಎಂದು ತಿಳಿದುಕೊಳ್ಳುತ್ತಾರೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಿನ್ನ ಪತ್ರ ಬರುವವರೆಗೆ ನನಗೂ ಹೊಳೆಯಲಿಲ್ಲ.

ನಿನ್ನ ಉತ್ತರಗಳನ್ನು ತೆಗೆಸಿ ನೋಡಿದೆ. ಅದನ್ನೂ ನಾನು ಮಾಡಬಾರದು. ಹುಡುಗಿ ಮುಟ್ಟು ನಿಂತಿದೆ ಎಂಬ ಖಾನೆಗೆ ಗುರುತು ಹಾಕಿದ್ದಾಳೆ. ತಮಾಷೆಗೆ ನಮ್ಮಲ್ಲಿ ಖಾನೆ ಇಲ್ಲ.

ಬಿಳಿ ಬಟ್ಟೆ ಬಿಟ್ಟೆ, ಕಪ್ಪು ಲಂಗ ಉಡುತ್ತೇನೆ, ಸೊಂಟ ನೋವು ಎಂದು ನೀನೇ ಬರೆದೆ. ನಿನಗೆ ಮತ್ತೆ ರಕ್ತ ಕಾಣಿಸಿಕೊಳ್ಳುತ್ತಿದೆ, ಅಲ್ಲವೇ? ಎಷ್ಟು ಕಾಲದಿಂದ? ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅದನ್ನು ಕಾಯುತ್ತ ಕೂರಬಾರದು. ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ. ಆದರೆ ನನಗೆ ಕೆಲಸ ಮಾಡಲು ಆಗುತ್ತಿಲ್ಲ.

ಹೋಗು. ಇದನ್ನು ಓದಿ ಹರಿದುಹಾಕು. ಯಾರಿಗೂ ತೋರಿಸಬೇಡ.

ಅಕ್ಕ


ಮಾರ್ಚ್ 25

ಗುಬ್ಬಿ,

ನನ್ನ ಪತ್ರ ತಲುಪಿತೋ ಇಲ್ಲವೋ. ತಲುಪಿದ್ದರೆ ಹೋದೆಯೋ ಇಲ್ಲವೋ. ಔಷಧಿ ಅಂಗಡಿಗೆ ಫೋನು ಮಾಡಿದೆ. "ನಿಮ್ಮ ತಂಗಿ ಚೆನ್ನಾಗಿದ್ದಾರೆ, ಬೆಳಗ್ಗೇನೇ ಬಸ್ ಹತ್ತಿ ಎಲ್ಲಿಗೋ ಹೋದ್ರು" ಎಂದು ಅಂಗಡಿಯವರು ನಗುತ್ತ ಹೇಳಿದರು. ಯಾಕೆ ನಕ್ಕರು?

ಒಂದು ಸಾಲು ಬರೆ. ಬೈದಾದರೂ ಬರೆ.

ಅಕ್ಕ


ಏಪ್ರಿಲ್ 4

ಗುಬ್ಬಿ,

ಇಂದು ನಿರ್ದೇಶಕರು ಕರೆದಿದ್ದರು. ದಶಮಾಂಶವೂ ಅಲ್ಲೇ ಇದ್ದರು. ಜಿಲ್ಲಾ ಆಸ್ಪತ್ರೆಯಿಂದ ವಿಚಾರಣೆ ಬಂದಿದೆಯಂತೆ. ಒಂದೇ ಊರಿನ ಹೆಂಗಸರು ಗುಂಪು ಗುಂಪಾಗಿ ಬಂದು ವಿನೆಗರ್ ಪರೀಕ್ಷೆ ಮಾಡಿ ಎಂದು ಕೂರುತ್ತಿದ್ದಾರೆ, ನಿಮ್ಮಿಂದ ಸೂಚನೆ ಹೋಗಿದೆಯೇ ಎಂದು ಕೇಳಿದ್ದಾರೆ. ಊರು ನಿನ್ನದು.

"ಯಾರೋ ಬಾಯಿ ಬಿಟ್ಟಿದ್ದಾರೆ. ಫೀಲ್ಡ್ ಹುಡುಗೀರೇ ಇರ್ಬೇಕು" ಎಂದರು ನಿರ್ದೇಶಕರು. ಆ ಎದ್ದು ನಿಲ್ಲುವ ಹುಡುಗಿಯ ಹೆಸರನ್ನೂ ಹೇಳಿದರು. ನಾನು, "ಅವಳಲ್ಲ ಸರ್, ನಾನು" ಎಂದೆ. ದಶಮಾಂಶ ಕನ್ನಡಕ ತೆಗೆದು ಒರೆಸಿದರು. "ಆ ಊರನ್ನ ಬಿಟ್ಟು ಲೆಕ್ಕ ಹಾಕ್ಬಹುದು. ಆದ್ರೆ ಮೇಡಂ, ಉಳಿದ ಏಳು ಊರಿಗೂ ತಿಳಿಸಿದ್ದೀರಾ?" ಎಂದು ಕೇಳಿದರು. ಅವರು ಕೇಳಿದ್ದು ಲೆಕ್ಕಕ್ಕಾಗಿ. ಆದರೆ ಇಲ್ಲ ಎನ್ನುವಾಗ ನನಗೆ ತಲೆ ಎತ್ತಲಾಗಲಿಲ್ಲ.

ಹದಿನೆಂಟನೆಯ ತಾರೀಕು ಸಮಿತಿ ಸಭೆ ಸೇರುತ್ತದೆ. ಈ ಕೆಲಸ ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ. ಅದು ಹಾಗಿರಲಿ. ಆ ಹೆಂಗಸರಲ್ಲಿ ನೀನು ಇದ್ದೆಯಾ ಎಂದು ಮಾತ್ರ ನನಗೆ ಯಾರೂ ಹೇಳುತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ.

ಅಕ್ಕ


ಏಪ್ರಿಲ್ 9

ಅಕ್ಕಾ,

ಬರೆಯಬಾರದೆಂದೇ ಇದ್ದೆ. ನಿನ್ನ ಈ ಪತ್ರ ಬಂದ ಮೇಲೆ ಕೂತಿದ್ದೇನೆ.

ನೀನು ಹೇಳಿದಂತೆ ಬಾಗಿಲು ಹಾಕಿಕೊಂಡೇ ಓದಿದೆ. ಎರಡು ಸಲ ಓದಿದೆ. ಆಮೇಲೆ ಬಾಗಿಲು ತೆಗೆದೆ. ಹರಿದುಹಾಕಲು ಕೈ ಬರಲಿಲ್ಲ. ಬೇಕರಿಯವಳನ್ನು ಆಸ್ಪತ್ರೆಗೆ ಹೋಗದಂತೆ ತಡೆದವಳು ನಾನು. ನಾನೊಬ್ಬಳೇ ಗುಟ್ಟಾಗಿ ಹೋಗಿ ತೋರಿಸಿಕೊಂಡು ಬಂದು, ಅವಳ ಅಂಗಡಿಯಲ್ಲಿ ಬ್ರೆಡ್ ಕೊಳ್ಳಲು ನಿಂತರೆ ಯಾವ ಮುಖ ಇಟ್ಟುಕೊಳ್ಳಲಿ? ಸಾಯಂಕಾಲ ಎಲ್ಲರನ್ನೂ ಅಂಗಡಿಗೆ ಕರೆದು ನಿನ್ನ ಪತ್ರವನ್ನು ಓದಿಬಿಟ್ಟೆ. ನನ್ನ ಕಪ್ಪು ಲಂಗದ ಸಾಲನ್ನೂ ಬಿಡಲಿಲ್ಲ.

"ಅಂದ್ರೆ ನಾವು ಸತ್ರೆ ಅವರಿಗೆ ಲೆಕ್ಕ ಸಿಗುತ್ತೆ ಅಂತಾಯ್ತು" ಎಂದಳು ಬೇಕರಿಯವಳು.

"ಹಾಗಲ್ಲ ಕಣೇ" ಎಂದೆ.

"ಹಾಗಲ್ಲದೆ ಇನ್ನು ಹೇಗೆ? ನೀನೇ ಓದಿದ್ಯಲ್ಲ. ನಿಮ್ಮಕ್ಕ ಅಂತ ಮುಚ್ಚಿ ಹಾಕ್ಬೇಡ."

ಔಷಧಿ ಅಂಗಡಿಯವರ ಹೆಂಡತಿ ಅತ್ತಳು. ಇನ್ನೊಬ್ಬಳು ನಿನ್ನ ಆಫೀಸಿಗೇ ಹೋಗಿ ಕೂಗಾಡೋಣ ಎಂದಳು. ಗದ್ದಲ ಜೋರಾಯಿತು. ಆಗ ಒಳಗಿಂದ ನಮ್ಮತ್ತೆ, "ಕೂತು ಜಗಳ ಆಡ್ತೀರೋ, ಎದ್ದು ಹೋಗ್ತೀರೋ? ನಾನು ಒಂದು ದಿನ ಒಬ್ಬಳೇ ಬಿದ್ದಿರ್ತೀನಿ, ಎಲ್ಲೂ ಓಡಿಹೋಗಲ್ಲ" ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಇವರಿಗೆ ರಕ್ತದ ವಿಷಯ ಅವತ್ತೇ ಹೇಳಿದೆ. ಎದ್ದು ಹೋಗಿ ಬಸ್ಸು ತೊಳೆದು ಬಂದರು. ಅವರ ಬಸ್ಸಿನಲ್ಲೇ ಹೋದೆವು. ಒಳಗೆಲ್ಲ ಹೆಂಗಸರೇ ತುಂಬಿದ್ದನ್ನು ನೋಡಿ ಹತ್ತಿದವನೊಬ್ಬ, "ಮದುವೇಗಾ?" ಎಂದು ಕೇಳಿದ. ಬೇಕರಿಯವಳು, "ಹೂಂ, ನಿಂದೇ" ಎಂದಳು. ಆಸ್ಪತ್ರೆಯಲ್ಲಿ ವಿನೆಗರ್ ಖಾಲಿಯಾಯಿತು. "ಮೊದ್ಲೇ ಹೇಳಿದ್ರೆ ಒಂದು ಬಾಟ್ಲಿ ತರ್ತಿದ್ನಲ್ಲ" ಎಂದು ಅದಕ್ಕೂ ಅವಳೇ ನಗಿಸಿದಳು. ಉಳಿದವರು ಮತ್ತೊಂದು ದಿನ ಹೋದರು. ನೀನು ಫೋನು ಮಾಡಿದ ದಿನ ನಾವು ಹೋಗಿದ್ದು ಅಲ್ಲಿಗೇ.

ಬೇಕರಿಯವಳಿಗೆ ಏನೂ ಇಲ್ಲ. ಮೂವರಿಗೆ ಬಿಳಿ ಮಚ್ಚೆ ಇತ್ತು, ಅದನ್ನು ಅಲ್ಲೇ ತೆಗೆದರು. ನನ್ನ ಸರದಿ ಬಂದಾಗ ನರ್ಸ್ ತನ್ನ ಮಗಳ ಶಾಲೆಯ ವಿಷಯ ಹೇಳುತ್ತಿದ್ದಳು. ಟಾರ್ಚ್ ಹಿಡಿದು ನೋಡಿದವಳು ಮಾತು ನಿಲ್ಲಿಸಿದಳು. ಅವಳು ಮತ್ತೆ ಮಗಳ ಮಾತೆತ್ತುತ್ತಾಳೇನೋ ಎಂದು ನಾನು ಕಾಯುತ್ತಲೇ ಇದ್ದೆ. ಎತ್ತಲಿಲ್ಲ. ಡಾಕ್ಟರನ್ನು ಕರೆದಳು. ಅವರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. "ಹೊರಗಿಂದ ನೋಡಿದ್ರೆ ದೂರ ಹೋದ ಹಾಗೆ ಕಾಣಲ್ಲಮ್ಮ, ಆದ್ರೆ ವರದಿ ಬರ್ಲಿ" ಎಂದರು. ಹದಿನೆಂಟಕ್ಕೆ ಬರುತ್ತದಂತೆ. ನಿನ್ನ ಸಭೆಯೂ ಅದೇ ದಿನ ಅಲ್ಲವೇ?

ಕಳೆದ ವರ್ಷ ಮಳೆಗಾಲದಿಂದ ಕಾಣಿಸುತ್ತಿತ್ತು. ಹೆದರಿ ಸುಮ್ಮನಿದ್ದೆ. ಆಮೇಲೆ ನಿನ್ನವರು ಬಂದು ಹೋದರು. ನಮ್ಮಕ್ಕನ ಕಡೆಯವರೇ ನೋಡಿದರು, ಇನ್ನೇನು ಭಯ ಎಂದು ನಿದ್ದೆ ಮಾಡಿದೆ. ನನಗೆ ಸಿಟ್ಟು ಇರುವುದು ಆ ನಿದ್ದೆಯ ಮೇಲೆ.

ಎದುರುಮನೆಯ ಟೀಚರನ್ನು ಮನೆಗೆ ಕರೆತಂದಿದ್ದಾರೆ. ಇನ್ನು ಮಾಡುವುದೇನೂ ಇಲ್ಲವಂತೆ. ನಿನ್ನೆ ನೋಡಲು ಹೋಗಿದ್ದೆ. ಪತ್ರದ ವಿಷಯ ಅವರಿಗೂ ಮುಟ್ಟಿದೆ. "ನಿಮ್ಮಕ್ಕನಿಗೆ ಇದೆಲ್ಲಾ ಮೊದಲೇ ಗೊತ್ತಿತ್ತಾ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ತರಗತಿಯಲ್ಲಿ ಕೇಳುವ ಹಾಗೆ, ಉತ್ತರಕ್ಕೆ ಕಾಯುತ್ತ ಕೇಳಿದರು. ನಾನು ಅವರ ಹೊದಿಕೆ ಸರಿಮಾಡಿ ಎದ್ದು ಬಂದೆ.

ಅದಕ್ಕೆ ಉತ್ತರ ನೀನೇ ಬಂದು ಹೇಳು.

ಗುಬ್ಬಿ


ಏಪ್ರಿಲ್ 14

ಗುಬ್ಬಿ,

ಸಮಿತಿಗೆ ಹೇಳಬೇಕಾದದ್ದನ್ನೆಲ್ಲ ಬರೆದು ದಶಮಾಂಶರ ಕೈಗೆ ಕೊಟ್ಟಿದ್ದೇನೆ. ಉಳಿದ ಏಳು ಊರುಗಳಿಗೆ ಈಗಲೇ ನರ್ಸ್‌ಗಳನ್ನು ಕಳಿಸಿ, ಖಚಿತವಾಗುವವರೆಗೆ ಕಾಯಬೇಡಿ ಎಂದು ಕೇಳಿದ್ದೇನೆ. ಅವರು ಓದಿ, "ನೀವೇ ಇದ್ದು ಹೇಳಿದ್ರೆ ತೂಕ ಜಾಸ್ತಿ ಮೇಡಂ. ಇಲ್ದಿದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ಹಾಕೇಬಿಡ್ತಾರೆ" ಎಂದರು. ಇರಬಹುದು. ಕೊನೆಗೆ, "ನಾನು ಓದಿ ಹೇಳ್ತೀನಿ ಬಿಡಿ, ಒಂದು ಅಕ್ಷರ ಬಿಡಲ್ಲ" ಎಂದರು. ಅವರು ಬಿಡುವವರಲ್ಲ.

ವರದಿ ತರಲು ನೀನೊಬ್ಬಳೇ ಹೋಗಬೇಡ. ಹದಿನೇಳಕ್ಕೆ ನಾನಲ್ಲಿರುತ್ತೇನೆ. ಈ ಪತ್ರಕ್ಕಿಂತ ಮೊದಲು ನಾನೇ ಮುಟ್ಟಿದರೂ ಮುಟ್ಟಬಹುದು.

ಬಸ್ಸು ಇಳಿದು ಮೊದಲು ಎದುರುಮನೆಗೆ ಹೋಗುತ್ತೇನೆ. ಆಮೇಲೆ ನಿನ್ನ ಬಾಗಿಲು ತಟ್ಟುತ್ತೇನೆ.

ಅಕ್ಕ